ನಾಡಿಗೆ ಹೆಸರು ಬರುವ ಮೊದಲೇ ಕರ್ನಾಟಕಿ: ಬೀಳಗಿಯ ಅಮೀರ್‌ಬಾಯಿಯವರ ಮುಂಬಯಿ ಬದುಕು

ಅಮೀರ್‌ಬಾಯಿ ಕರ್ನಾಟಕಿ ತೀರಿಕೊಂಡದ್ದು 1965ರ ಮಾರ್ಚ್ ತಿಂಗಳಿನಲ್ಲಿ. ಅಂದಿನ ಭಾರತದ ಭೂಪಟದಲ್ಲಿ ಕರ್ನಾಟಕ ಎಂಬ ಹೆಸರಿನ ರಾಜ್ಯವಿರಲಿಲ್ಲ. ಕನ್ನಡನಾಡಿನ ಬಹುಭಾಗ ಒಂದುಗೂಡಿ ಒಂಬತ್ತನೆಯ ವರ್ಷ ನಡೆಯುತ್ತಿದ್ದರೂ ಆ ರಾಜ್ಯದ ಅಧಿಕೃತ ಹೆಸರು ಮೈಸೂರು ಎಂದೇ ಇತ್ತು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಸರಕಾರದ ಕಾಗದಪತ್ರಗಳಿಗೆ ಹತ್ತುವ ಎಷ್ಟೋ ವರ್ಷ ಮೊದಲೇ ಈ ಹೆಸರು ಗ್ರಾಮೊಫೋನ್ ತಟ್ಟೆಗಳ ಮೇಲೆ, ಚಲನಚಿತ್ರಗಳ ಜಾಹೀರಾತುಗಳಲ್ಲಿ, ಲಾಹೋರಿನಿಂದ ಕಲಕತ್ತೆಯವರೆಗಿನ ಕೇಳುಗರ ನಾಲಿಗೆಯ ಮೇಲೆ ಓಡಾಡಿತ್ತು. ಅದನ್ನು ಹೊತ್ತು ತಿರುಗಿದವರು ವಿಜಾಪುರ ಸೀಮೆಯ ಒಬ್ಬ ಮುಸ್ಲಿಂ ಹೆಣ್ಣುಮಗಳು.

ರಾಜ್ಯದ ಗಡಿಯಾಚೆ ನಿಂತು ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿರುವ ನಮ್ಮ ಕುಟುಂಬಗಳಿಗೆ ಈ ಸಂಗತಿಯಲ್ಲಿ ಒಂದು ವಿಶೇಷವಾದ ಅರ್ಥವಿದೆ. ಅಮೀರ್‌ಬಾಯಿಯವರ ಜೀವನವನ್ನು ನೆನೆಯಲು ಇನ್ನೊಂದು ಕಾರಣವೂ ಉಂಟು. ಮಹಾನಗರದ ಥಳುಕು ಇಂದು ನಮ್ಮ ಮಕ್ಕಳ ಅಂಗೈಯೊಳಗಿನ ಮೊಬೈಲಿಗೇ ಬಂದಿಳಿದಿದೆ. ಜತ್ತದ ಹಳ್ಳಿಯ ಹುಡುಗಿಗೂ ತಾಳವಾಡಿಯ ಹುಡುಗನಿಗೂ ಹಾಡಿನ ಸ್ಪರ್ಧೆ, ಕಿರುಚಿತ್ರ, ಸಿನಿಮಾ, ಕೀರ್ತಿ, ಹಣ ಎಲ್ಲವೂ ಒಂದೇ ಬಣ್ಣದ ಬೆಳಕಿನಲ್ಲಿ ಹೊಳೆಯುತ್ತಿವೆ. ಹೋಗಬೇಡಿ ಎಂದು ಹೇಳುವುದರಿಂದ ಆ ಬೆಳಕು ಆರುವುದಿಲ್ಲ. ಹೋದವರ ಕಥೆಯನ್ನು ಪೂರ್ತಿಯಾಗಿ, ಏರನ್ನೂ ಇಳಿವನ್ನೂ ಬಿಡದೆ ಹೇಳುವುದು ಅದಕ್ಕಿಂತ ಉಪಯುಕ್ತವೆಂದು ತೋರುತ್ತದೆ.

ಬೀಳಗಿಯ ನಾಟಕದ ಮನೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಒಣನೆಲದಲ್ಲಿ ಬೀಳಗಿ ಎಂಬ ಊರು ಇದೆ. ಇಂದು ಅದು ಬಾಗಲಕೋಟೆ ಜಿಲ್ಲೆಗೆ ಸೇರಿದ ತಾಲ್ಲೂಕು ಸ್ಥಳ. ಅಮೀರ್‌ಬಾಯಿ ಹುಟ್ಟಿದಾಗ, ಅಂದರೆ ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಅದು ವಿಜಾಪುರ ಜಿಲ್ಲೆಯಲ್ಲಿತ್ತು. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಧಾರವಾಡ, ಬೆಳಗಾವಿ, ಕಾರವಾರಗಳೂ ಅದೇ ಪ್ರಾಂತದವು. ಆಡಳಿತದ ಭಾಷೆ ಇಂಗ್ಲಿಷು, ಪ್ರಾಂತದಲ್ಲಿ ಪ್ರಬಲವಾದ ಭಾಷೆಗಳು ಮರಾಠಿ ಮತ್ತು ಗುಜರಾತಿ. ಇಂದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರು ಯಾವ ಸ್ಥಿತಿಯಲ್ಲಿದ್ದಾರೆಯೋ ಅಂದು ಉತ್ತರ ಕರ್ನಾಟಕದ ಬಹುಪಾಲು ಕನ್ನಡಿಗರು ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿದ್ದರು. ರಾಜಧಾನಿ ದೂರದ್ದು, ಅಲ್ಲಿನ ಭಾಷೆ ಬೇರೆಯದು, ಆದರೆ ಬದುಕಿನ ದೊಡ್ಡ ಅವಕಾಶಗಳೆಲ್ಲ ಅಲ್ಲಿಯೇ.

ಅಮೀರ್‌ಬಾಯಿಯವರ ತಂದೆ ತಾಯಿ ಇಬ್ಬರೂ ನಾಟಕ ಮತ್ತು ಸಂಗೀತದ ನಂಟಿನವರು. ಐವರು ಹೆಣ್ಣುಮಕ್ಕಳ ಆ ಮನೆಯಲ್ಲಿ ರಾಗ, ತಾಳ, ಮಾತುಗಾರಿಕೆ ಇವೆಲ್ಲ ಬೇರೆಯಾಗಿ ಕಲಿಯಬೇಕಾದ ವಿದ್ಯೆಗಳಾಗಿರದೆ ಊಟ ಉಪಚಾರದಂತೆ ದಿನನಿತ್ಯದ ಸಂಗತಿಗಳಾಗಿದ್ದವು. ಆ ಕಾಲದ ಉತ್ತರ ಕರ್ನಾಟಕವೆಂದರೆ ವೃತ್ತಿ ನಾಟಕ ಕಂಪನಿಗಳ ಸುಗ್ಗಿಯ ಕಾಲ. ಶಿರಹಟ್ಟಿ ವೆಂಕೋಬರಾಯರು, ಗದಗಿನ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಮೊದಲಾದವರು ಕಟ್ಟಿ ನಡೆಸಿದ ಮಂಡಳಿಗಳು ಊರೂರಿಗೆ ಡೇರೆ ಹೊತ್ತು ತಿರುಗುತ್ತಿದ್ದವು. ಇತ್ತ ಮರಾಠಿ ಸಂಗೀತ ನಾಟಕಗಳ ಪ್ರಭಾವವೂ ಗಾಢವಾಗಿತ್ತು. ಮರಾಠಿ ಸಂಗೀತ ರಂಗಭೂಮಿಯ ಪ್ರವರ್ತಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೇ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಎರಡು ಭಾಷೆಗಳ ರಂಗಭೂಮಿ ಪರಸ್ಪರ ಕೊಟ್ಟು ತೆಗೆದುಕೊಂಡ ಈ ನೆಲದಲ್ಲಿ ಅಮೀರ್‌ಬಾಯಿ ಮತ್ತು ಅವರ ಅಕ್ಕ ಗೋಹರ್‌ಬಾಯಿ ಬಣ್ಣ ಹಚ್ಚಿ ಹಾಡತೊಡಗಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಸೀಮೆಯ ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದುವೂ ಕನ್ನಡವೂ ಒಂದೇ ಅಂಗಳದಲ್ಲಿ ಆಡಿಕೊಂಡಿರುವ ಭಾಷೆಗಳು. ರಂಗದ ಮೇಲೆ ಕನ್ನಡ, ಪಕ್ಕದ ಬಿಡಾರದಲ್ಲಿ ಮರಾಠಿ, ದರ್ಗಾದ ಅಂಗಳದಲ್ಲಿ ಕವ್ವಾಲಿ, ಗುಡಿಯ ಮುಂದೆ ಭಜನೆ. ಮಹಾನಗರಕ್ಕೆ ಹೋಗುವ ಮೊದಲೇ ಇಂತಹ ಮಕ್ಕಳ ಕಿವಿ ಹಲವು ಭಾಷೆಗಳಿಗೆ ತೆರೆದುಕೊಂಡಿರುತ್ತಿತ್ತು. ಅದನ್ನು ತೆರೆದದ್ದು ಮುಂಬಯಿಯಲ್ಲ, ಅವರ ಊರುಕೇರಿಯೇ.

ಮುಂಬಯಿಯ ಕರೆ

ಗದಗದಿಂದ ವಿಜಾಪುರದ ಮೂಲಕ ಸೊಲ್ಲಾಪುರದ ಬಳಿಯ ಹೊಟಗಿಯವರೆಗಿನ ಮೀಟರ್‌ಗೇಜ್ ರೈಲು ಮಾರ್ಗ 1884ರಲ್ಲಿಯೇ ಸಿದ್ಧವಾಗಿತ್ತು. ವಿಜಾಪುರದ ಕಡೆಯಿಂದ ಮುಂಬಯಿಗೆ ಹೊರಟವರು ಸಣ್ಣ ಗಾಡಿಯಲ್ಲಿ ಈ ಭಾಗಕ್ಕೆ ಬಂದು ಇಲ್ಲಿಂದ ದೊಡ್ಡ ಗಾಡಿಯನ್ನು ಹಿಡಿಯಬೇಕಾಗಿತ್ತು. ನಮ್ಮ ಸೊಲ್ಲಾಪುರ ಸೀಮೆ ಅಂದಿನ ಕನ್ನಡಿಗರಿಗೆ ಹೊಸ್ತಿಲಿನಂತೆ ಇತ್ತು. ಗಿರಣಿಯ ಕೂಲಿಗಾಗಿ, ಹೋಟೆಲಿನ ಕೆಲಸಕ್ಕಾಗಿ, ವ್ಯಾಪಾರಕ್ಕಾಗಿ ಸಾವಿರಾರು ಜನ ಈ ಹೊಸ್ತಿಲನ್ನು ದಾಟಿದರು. ಅವರ ನಡುವೆ ಹಾಡುವವರೂ ಇದ್ದರು.

ಅಮೀರ್‌ಬಾಯಿ ಮುಂಬಯಿ ಸೇರಿದ್ದು ಹದಿಹರೆಯದಲ್ಲಿಯೇ. ಆಗ ಆ ನಗರದ ಸೆಳೆತ ಹೊಸ ಬಗೆಯದಾಗಿತ್ತು. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಆಲಂ ಆರಾ ತೆರೆಕಂಡು, ಅಲ್ಲಿಯವರೆಗೆ ಮೂಕವಾಗಿದ್ದ ಪರದೆ ಮಾತಾಡತೊಡಗಿತು. ಮಾತಿಗಿಂತ ಹೆಚ್ಚಾಗಿ ಅದು ಹಾಡತೊಡಗಿತು ಎಂದರೆ ಸರಿ. ಮೂಕಿಚಿತ್ರಗಳ ಚೆಲುವೆಯರಲ್ಲಿ ಅನೇಕರಿಗೆ ಹಾಡು ಬರುತ್ತಿರಲಿಲ್ಲ. ಹಿಂದೂಸ್ತಾನಿ ಉಚ್ಚಾರಣೆಯೂ ಒಲಿಯುತ್ತಿರಲಿಲ್ಲ. ಹಾಡಬಲ್ಲ ನಟಿಯರಿಗಾಗಿ ಸ್ಟುಡಿಯೋಗಳು ನಾಟಕ ಕಂಪನಿಗಳ ಕಡೆಗೂ ಸಂಗೀತದ ಮನೆಗಳ ಕಡೆಗೂ ಕಣ್ಣು ಹಾಯಿಸಿದವು. ಕನ್ನಡದ ತೆರೆಕಂಡ ಮೊದಲ ವಾಕ್ಚಿತ್ರವಾದ ಸತಿ ಸುಲೋಚನ 1934ರಲ್ಲಿ ಬಂದಿತು. ಅದರ ಚಿತ್ರೀಕರಣವೂ ನಡೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಕನ್ನಡ ಚಿತ್ರವೂ ಕನ್ನಡ ಸೀಮೆಯ ಹೊರಗೆ ಹೋಗಿಯೇ ಹುಟ್ಟಬೇಕಾಗಿದ್ದ ಕಾಲವದು. ಅದೇ 1934ರಲ್ಲಿ ವಿಷ್ಣುಭಕ್ತಿ ಎಂಬ ಹಿಂದಿ ಚಿತ್ರದ ಮೂಲಕ ಅಮೀರ್‌ಬಾಯಿ ಪರದೆಯ ಮೇಲೆ ಬಂದರು.

ಬಂದ ಕೂಡಲೇ ಅವರಿಗೆ ಸಿಂಹಾಸನ ಸಿಗಲಿಲ್ಲ. ಗ್ರಾಮೊಫೋನ್ ಕಂಪನಿಗಾಗಿ ಹಾಡಿದ ಕವ್ವಾಲಿ ಜನಪ್ರಿಯವಾಯಿತು. ಚಿತ್ರಗಳಲ್ಲಿ ಸಣ್ಣ ದೊಡ್ಡ ಪಾತ್ರಗಳು ದೊರಕಿದವು. ಆದರೆ ಸುಮಾರು ಒಂಬತ್ತು ವರ್ಷಗಳ ಕಾಲ ಅವರು ಹಲವರಲ್ಲಿ ಒಬ್ಬರಾಗಿಯೇ ದುಡಿದರು. ಇಂದಿನ ಸ್ಪರ್ಧೆಗಳಲ್ಲಿ ಒಂದು ರಾತ್ರಿಯಲ್ಲಿ ತಾರೆಯಾಗುವ ಮಕ್ಕಳನ್ನು ನೋಡಿ ಬೆರಗಾಗುವವರು ಈ ಒಂಬತ್ತು ವರ್ಷಗಳನ್ನು ಎಣಿಸಬೇಕು.

ಈ ಅವಧಿಯಲ್ಲಿ ಬಂದ 1940ರ ನರಸೀ ಭಗತ್ ಚಿತ್ರ ಅವರ ದಾರಿಯಲ್ಲಿ ಒಂದು ಮುಖ್ಯವಾದ ನಿಲುಗಡೆ. ವಿಜಯ ಭಟ್ಟರು ನಿರ್ದೇಶಿಸಿದ ಆ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸರು ಸಂತ ಕವಿ ನರಸೀ ಮೆಹತಾರ ಪಾತ್ರವನ್ನು ವಹಿಸಿದ್ದರು. ಗಾಂಧೀಜಿಯವರಿಗೆ ಅತ್ಯಂತ ಪ್ರಿಯವಾಗಿದ್ದ ಆ ಸಂತನ ಭಜನೆ ಈ ಚಿತ್ರದ ಮೂಲಕ ಅಮೀರ್‌ಬಾಯಿಯವರ ಕಂಠದಲ್ಲಿಯೂ ಮನೆಮನೆಗೆ ತಲುಪಿತು. ಬೀಳಗಿಯ ಮುಸ್ಲಿಂ ಹೆಣ್ಣುಮಗಳ ದನಿಯಲ್ಲಿ ಗುಜರಾತಿನ ವೈಷ್ಣವ ಭಜನೆ ದೇಶವೆಲ್ಲ ಕೇಳಿಸಿದ್ದು ಆ ಕಾಲದವರಿಗೆ ಆಶ್ಚರ್ಯದ ಸಂಗತಿಯಾಗಿ ಕಂಡಿರಲಾರದು. ನಮಗೆ ಆಶ್ಚರ್ಯವೆನಿಸಿದರೆ ಬದಲಾದವರು ನಾವು.

ಕಿಸ್ಮತ್‌ನ ಕಾಲ

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ಕಿಸ್ಮತ್ ತೆರೆಕಂಡಿತು. ಜ್ಞಾನ ಮುಖರ್ಜಿಯವರ ನಿರ್ದೇಶನ, ಅಶೋಕ ಕುಮಾರರ ನಾಯಕಪಾತ್ರ, ಅನಿಲ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಗೀತೆಗಳು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಅದರ ಹಾಡುಗಳಲ್ಲಿ ಎದ್ದು ಕೇಳಿಸಿದ್ದು ಅಮೀರ್‌ಬಾಯಿಯವರ ದನಿ. ವಿರಹದ ಹಾಡು, ಮುಗಿಲನ್ನು ಕುರಿತ ಜೋಗುಳದಂತಹ ಹಾಡು, ಇವೆರಡಕ್ಕಿಂತಲೂ ಹೆಚ್ಚಾಗಿ ಪರಕೀಯರು ದೂರ ಸರಿಯಲಿ ಎಂಬ ಧ್ವನಿಯುಳ್ಳ ಸಮೂಹಗೀತೆ. ಚಲೇಜಾವ್ ಚಳವಳಿಯ ಮರುವರ್ಷವದು. ಹಾಡಿನಲ್ಲಿ ಜರ್ಮನರ ಮತ್ತು ಜಪಾನಿಯರ ಹೆಸರು ಇದ್ದುದರಿಂದ ಬ್ರಿಟಿಷ್ ಸರಕಾರದ ಪರೀಕ್ಷಕರು ಅದನ್ನು ತಮ್ಮ ಶತ್ರುಗಳ ವಿರುದ್ಧದ ಗೀತೆಯೆಂದು ಬಗೆದು ಬಿಟ್ಟುಕೊಟ್ಟರು. ಚಿತ್ರಮಂದಿರದ ಕತ್ತಲಲ್ಲಿ ಕುಳಿತ ಜನರಿಗೆ ಮಾತ್ರ ಆ ಪರಕೀಯರು ಯಾರೆಂಬುದು ಚೆನ್ನಾಗಿ ತಿಳಿದಿತ್ತು. ಖಾನ್ ಮಸ್ತಾನಾರೊಡನೆ ಆ ಗೀತೆಯನ್ನು ಹಾಡಿದವರು ನಮ್ಮ ಅಮೀರ್‌ಬಾಯಿ.

ಅಲ್ಲಿಂದ ಮುಂದಿನ ನಾಲ್ಕೈದು ವರ್ಷಗಳು ಅವರವು. 1944ರಲ್ಲಿ ಭರ್ತೃಹರಿ ಚಿತ್ರಕ್ಕಾಗಿ ಸುರೇಂದ್ರರೊಡನೆ ಹಾಡಿದ ಭಿಕ್ಷೆಯ ಗೀತೆ, ಅದೇ ವರ್ಷ ನೌಷಾದರ ಸಂಗೀತದ ರತನ್ ಚಿತ್ರದ ಹಾಡುಗಳು, 1946ರ ಗುಜರಾತಿ ಚಿತ್ರ ರಾಣಕದೇವಿಯಲ್ಲಿ ಅತಿಥಿಯನ್ನು ತನ್ನ ಹಳ್ಳಿಗೆ ಕರೆಯುವ ಹೆಣ್ಣಿನ ಹಾಡು, 1947ರ ಶಹನಾಯಿಯಲ್ಲಿ ಸಿ. ರಾಮಚಂದ್ರರ ರಾಗಸಂಯೋಜನೆ. ಮುಂಬಯಿಯ ಸ್ಟುಡಿಯೋದಲ್ಲಿ ನಿಂತು ಪರಭಾಷೆಯಲ್ಲಿ ಹಳ್ಳಿಯ ಕರೆಯನ್ನು ಹಾಡಿದ ಆ ಗೀತೆಯನ್ನು ಗುಜರಾತಿಗಳು ಇಂದಿಗೂ ತಮ್ಮದೆಂದು ಹಾಡುತ್ತಾರೆ. ಅವರು ಒಟ್ಟು ಸುಮಾರು 150 ಚಿತ್ರಗಳಲ್ಲಿ 380ರಷ್ಟು ಹಾಡುಗಳನ್ನು ಹಾಡಿದರೆಂಬುದು ರೂಢಿಯಲ್ಲಿರುವ ಲೆಕ್ಕ. 1948ರ ಶಹನಾಜ್ ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಹೆಂಗಸರು ಹಾಡುವುದನ್ನು ಮೆಚ್ಚಿದ ಚಿತ್ರರಂಗ, ಹೆಂಗಸರು ವಾದ್ಯವೃಂದಕ್ಕೆ ಅಪ್ಪಣೆ ಕೊಡುವುದನ್ನು ಸುಲಭವಾಗಿ ಒಪ್ಪದಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಕನ್ನಡಿಗರು ಅವರನ್ನು ಕನ್ನಡ ಕೋಗಿಲೆ ಎಂದು ಕರೆದರು.

ಆ ದಿನಗಳ ಹಾಡುಗಾರಿಕೆ ಹೇಗಿತ್ತು ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ತಪ್ಪನ್ನು ಯಂತ್ರ ತಿದ್ದುತ್ತಿರಲಿಲ್ಲ. ಗಾಯಕರೂ ವಾದ್ಯಗಾರರೂ ಒಟ್ಟಿಗೆ ನಿಂತು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹಾಡನ್ನು ಮುಗಿಸಬೇಕಾಗಿತ್ತು. ಒಬ್ಬ ಪಿಟೀಲುಗಾರನ ಕೈ ಜಾರಿದರೂ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ನಾಟಕದ ಡೇರೆಯಲ್ಲಿ ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸಿ ಪಳಗಿದವರಿಗೆ ಮಾತ್ರ ಈ ದುಡಿಮೆ ಸಾಧ್ಯವಾಗುತ್ತಿತ್ತು. ಮುಂಬಯಿ ಅಮೀರ್‌ಬಾಯಿಯವರನ್ನು ತಯಾರಿಸಲಿಲ್ಲ. ತಯಾರಾಗಿ ಬಂದವರನ್ನು ಬಳಸಿಕೊಂಡಿತು.

ಊರಿನ ಹೆಸರನ್ನು ಹೊತ್ತವರು

ಅಂದಿನ ಕಲಾವಿದೆಯರಲ್ಲಿ ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವ ರೂಢಿಯಿತ್ತು. ಅಮೀರ್‌ಬಾಯಿಯವರ ಸಮಕಾಲೀನರಾದ ಜೋಹ್ರಾಬಾಯಿ ಅಂಬಾಲೆಯವರಾದುದರಿಂದ ಅಂಬಾಲೇವಾಲಿ. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ರಾಜಮ್ಮನಾಗಿ ಹುಟ್ಟಿದ ಹುಡುಗಿ ಶಾಂತಾ ಹುಬಳೀಕರ ಎಂಬ ಹೆಸರಿನಿಂದ 1939ರಲ್ಲಿ ಪ್ರಭಾತ್ ಸಂಸ್ಥೆಯ ಮಾಣೂಸ್ ಚಿತ್ರದ ನಾಯಕಿಯಾದರು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಧ್ವನಿಮುದ್ರಿಕೆಗಳು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದವು. ಅಮೀರ್‌ಬಾಯಿ ಮತ್ತು ಗೋಹರ್‌ಬಾಯಿ ಮಾತ್ರ ಒಂದು ಊರನ್ನು ಹಿಡಿಯದೆ ಇಡೀ ಸೀಮೆಯ ಹೆಸರನ್ನು ಧರಿಸಿದರು. ಮುಂಬಯಿಯ ಜನ ದಕ್ಷಿಣದ ಕನ್ನಡ ಜಿಲ್ಲೆಗಳನ್ನು ಕರ್ನಾಟಕವೆಂದು ಕರೆಯುತ್ತಿದ್ದರು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದಲೇ ಆ ಹೆಸರನ್ನು ಬೆಳಗುತ್ತಿತ್ತು. ಆಲೂರ ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವನ್ನು ಪ್ರಕಟಿಸಿದ್ದರು. ವಿದ್ವಾಂಸರು ಪುಸ್ತಕದಲ್ಲಿ ಬರೆದ ಹೆಸರನ್ನು ಈ ಅಕ್ಕತಂಗಿಯರು ನಾಟಕದ ಹಸ್ತಪತ್ರಿಕೆಯಲ್ಲಿಯೂ ಹಾಡಿನ ತಟ್ಟೆಯಲ್ಲಿಯೂ ಅಚ್ಚು ಹಾಕಿಸಿದರು. ಏಕೀಕರಣದ ಇತಿಹಾಸವನ್ನು ಹೇಳುವಾಗ ನಾವು ಅವರನ್ನು ನೆನೆಯುವುದಿಲ್ಲ.

ಅಕ್ಕ ಗೋಹರ್‌ಬಾಯಿಯವರದು ಇನ್ನೊಂದು ಬಗೆಯ ಸಾಹಸ. ಮರಾಠಿ ರಂಗಭೂಮಿಯ ಆರಾಧ್ಯ ನಟ ಬಾಲಗಂಧರ್ವರು ಸ್ತ್ರೀಪಾತ್ರಗಳಿಂದ ಪುರುಷಪಾತ್ರಗಳಿಗೆ ಹೊರಳಿದಾಗ, ಅವರೇ ಹೆಸರುವಾಸಿ ಮಾಡಿದ್ದ ಸ್ತ್ರೀಪಾತ್ರಗಳನ್ನು ವಹಿಸುವ ಕಠಿನ ಹೊಣೆ ಗೋಹರ್‌ಬಾಯಿಯವರಿಗೆ ಬಂದಿತು. ಕನ್ನಡ ನೆಲದಿಂದ ಬಂದ ಮುಸ್ಲಿಂ ಹೆಂಗಸೊಬ್ಬಳು ಮರಾಠಿಯ ನಾಟ್ಯಸಂಗೀತವನ್ನು ಕರಗತ ಮಾಡಿಕೊಂಡರೂ, ಬಾಲಗಂಧರ್ವರ ಬಾಳಸಂಗಾತಿಯಾದ ಕಾರಣಕ್ಕೆ ಆಕೆಯನ್ನು ಹಳಿದವರು ಬಹಳ. ಕಡು ಬಡತನದಲ್ಲಿಯೂ ರೋಗದಲ್ಲಿಯೂ ಆ ನಟನನ್ನು ನೋಡಿಕೊಂಡವರು ಅವರೇ ಎಂಬುದನ್ನು ಹಳಿದವರು ನೆನಪಿಡಲಿಲ್ಲ. ಬೇರೊಂದು ಭಾಷೆಯ ನಡುವೆ ಬದುಕುವವರ ಯೋಗ್ಯತೆಯನ್ನು ಜನರು ಎರಡು ಬಾರಿ ಪರೀಕ್ಷಿಸುತ್ತಾರೆ ಎಂಬುದು ಗಡಿನಾಡಿನ ನಮಗೆ ಹೇಳಿಕೊಡಬೇಕಾದ ಪಾಠವಲ್ಲ.

ಬೆಳಕಿನ ಹಿಂದಿನ ಮನೆ

ಲಕ್ಷಾಂತರ ಜನರು ಅಮೀರ್‌ಬಾಯಿಯವರ ದನಿಯನ್ನು ಕೇಳುತ್ತಿದ್ದ ದಿನಗಳಲ್ಲಿಯೇ ಅವರ ಮನೆಯೊಳಗೆ ಬೇರೆಯ ಕಥೆ ನಡೆಯುತ್ತಿತ್ತು. ಅವರು ವಿವಾಹವಾದದ್ದು ಹಿಮಾಲಯವಾಲಾ ಎಂಬ ನಟನನ್ನು. ಪರದೆಯ ಮೇಲೆ ಖಳನ ಪಾತ್ರಗಳಿಂದ ಹೆಸರಾಗಿದ್ದ ಆತನೊಡನೆ ಬಾಳುವೆ ಹಿಂಸೆಯಿಂದ ತುಂಬಿತ್ತು. ಹೊಡೆತ, ಬಡಿತ, ದುಡಿದ ಹಣದ ಮೇಲೆ ಕಣ್ಣು. ದೇಶದ ಕೀರ್ತಿವಂತ ಗಾಯಕಿಯರಲ್ಲಿ ಒಬ್ಬರಾಗಿದ್ದ ಹೆಂಗಸು ತನ್ನ ಮನೆಯ ಬಾಗಿಲೊಳಗೆ ನಿಸ್ಸಹಾಯಕಳಾಗಿದ್ದರು. ಕೊನೆಗೆ ಕಾನೂನು ಬಲ್ಲವರ ನೆರವಿನಿಂದ ಅವರು ಆ ಬಂಧನದಿಂದ ಬಿಡಿಸಿಕೊಂಡರು. ಹಿಮಾಲಯವಾಲಾ ದೇಶವಿಭಜನೆಯ ಬಳಿಕ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಚಿತ್ರಗಳಲ್ಲಿ ನಟಿಸಿದರು. ಅಮೀರ್‌ಬಾಯಿ ಭಾರತದಲ್ಲಿಯೇ ಉಳಿದರು. ಮುಂದೆ ಪಾರಸ್ ಎಂಬ ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚ್‌ವಾಲಾರನ್ನು ಕೈಹಿಡಿದು ನೆಮ್ಮದಿ ಕಂಡರು.

ಈ ಭಾಗವನ್ನು ಬಿಟ್ಟು ಕಥೆಯನ್ನು ಹೇಳಬಹುದಾಗಿತ್ತು. ಶಾಲೆಯ ಭಾಷಣಗಳಲ್ಲಿ ನಾವು ಮಹನೀಯರ ಜೀವನದಿಂದ ಇಂತಹ ಭಾಗಗಳನ್ನು ಕತ್ತರಿಸಿ ಬಿಸಾಡುತ್ತೇವೆ. ಆದರೆ ಹೆಣ್ಣುಮಕ್ಕಳನ್ನು ದೂರದ ನಗರಕ್ಕೆ ಕಳುಹಿಸುವ ತಂದೆತಾಯಿಗಳಿಗೂ, ಹೋಗಲಿರುವ ಹೆಣ್ಣುಮಕ್ಕಳಿಗೂ ಇದೇ ಭಾಗ ಹೆಚ್ಚು ಬೇಕಾದದ್ದು. ಪ್ರಸಿದ್ಧಿಯು ರಕ್ಷಣೆಯಲ್ಲ. ಗಳಿಸುವುದು ಬೇರೆ, ಗಳಿಸಿದ್ದು ತನ್ನ ಕೈಯಲ್ಲಿರುವುದು ಬೇರೆ. ತನ್ನ ಹೆಸರಿನ ಬ್ಯಾಂಕ್ ಖಾತೆ, ಓದಿ ಅರ್ಥಮಾಡಿಕೊಂಡು ಹಾಕಿದ ರುಜು, ಕಷ್ಟದಲ್ಲಿ ಕರೆಯಬಹುದಾದ ಇಬ್ಬರು ನಂಬಿಕಸ್ಥರು, ಇವು ಕಂಠಮಾಧುರ್ಯದಷ್ಟೇ ಅಗತ್ಯವಾದ ಸಂಪತ್ತುಗಳು.

ಹಣದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಅಂದಿನ ಹಿನ್ನೆಲೆ ಗಾಯಕರಿಗೆ ಒಂದು ಹಾಡಿಗೆ ಒಮ್ಮೆ ಸಂಭಾವನೆ ಕೊಟ್ಟರೆ ಅಲ್ಲಿಗೆ ಲೆಕ್ಕ ತೀರುತ್ತಿತ್ತು. ಆ ಹಾಡು ವರ್ಷಗಟ್ಟಲೆ ಮಾರಾಟವಾದರೂ ಗಾಯಕರಿಗೆ ಅದರಲ್ಲಿ ಪಾಲಿರಲಿಲ್ಲ. ಎಷ್ಟೋ ತಟ್ಟೆಗಳ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ, ಚಿತ್ರದ ಪಾತ್ರದ ಹೆಸರು ಇರುತ್ತಿತ್ತು. 1949ರ ಮಹಲ್ ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಲತಾ ಮಂಗೇಶ್ಕರರ ಬದಲು ಕಾಮಿನಿ ಎಂಬ ಪಾತ್ರದ ಹೆಸರು ಇದ್ದುದು ಎಲ್ಲರಿಗೂ ತಿಳಿದದ್ದೇ. ಗಾಯಕರಿಗೆ ಗೌರವಧನದ ಪಾಲನ್ನು ಸ್ಪಷ್ಟವಾಗಿ ಒಪ್ಪಿದ ಕೃತಿಸ್ವಾಮ್ಯ ಕಾಯಿದೆಯ ತಿದ್ದುಪಡಿ ಬಂದದ್ದು 2012ರಲ್ಲಿ. ಇಂದು ಹಾಡುವ ಮಕ್ಕಳು ತಮಗಿರುವ ಈ ಹಕ್ಕನ್ನು ಅರಿತಿರಬೇಕು.

ಧ್ವನಿಯ ರುಚಿ ಬದಲಾದಾಗ

1947ರ ನಂತರ ಮುಂಬಯಿಯ ಚಿತ್ರರಂಗವೇ ಮಗ್ಗುಲು ಬದಲಿಸಿತು. ನೂರ್‌ಜಹಾನ್ ಮೊದಲಾದವರು ಗಡಿ ದಾಟಿದರು. ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟು ಸಾಕುತ್ತಿದ್ದ ಹಳೆಯ ಸ್ಟುಡಿಯೋಗಳು ಕುಸಿದವು. 1949ರಲ್ಲಿ ಮಹಲ್, ಬರ್ಸಾತ್, ಅಂದಾಜ್ ಚಿತ್ರಗಳ ಮೂಲಕ ಲತಾ ಮಂಗೇಶ್ಕರರ ತೆಳುವಾದ, ಎತ್ತರದ, ಹರಿತವಾದ ದನಿ ದೇಶವನ್ನು ಆವರಿಸಿತು. ಅಮೀರ್‌ಬಾಯಿ, ಜೋಹ್ರಾಬಾಯಿಯವರಂಥ ಗಾಯಕಿಯರ ದನಿಯಲ್ಲಿ ನಾಟಕದ ಡೇರೆಯ ತುಂಬುತನವಿತ್ತು, ಅಗಲವಿತ್ತು. ಹೊಸ ಧ್ವನಿಗ್ರಾಹಕಗಳಿಗೆ ಆ ಅಗಲದ ಅಗತ್ಯ ಉಳಿಯಲಿಲ್ಲ. ಕೇಳುಗರ ಕಿವಿಯೂ ಹೊಸದನ್ನು ಬಯಸಿತು.

1950ರ ಸಮಾಧಿ ಚಿತ್ರದಲ್ಲಿ ಸಿ. ರಾಮಚಂದ್ರರು ಒಂದು ಹಾಡನ್ನು ಲತಾ ಮತ್ತು ಅಮೀರ್‌ಬಾಯಿ ಇಬ್ಬರಿಂದಲೂ ಹಾಡಿಸಿದರು. ನಗರದ ಯುವಕರ ಕಾಲು ಕುಣಿಸಿದ ಪಾಶ್ಚಾತ್ಯ ಲಯದ ಹಾಡು ಅದು. ಗಮನವಿಟ್ಟು ಕೇಳಿದರೆ ಬರುತ್ತಿರುವ ಕಾಲದ ದನಿಯೂ ಹೋಗುತ್ತಿರುವ ಕಾಲದ ದನಿಯೂ ಒಂದನ್ನೊಂದು ಮಾತಾಡಿಸುವುದು ಕೇಳಿಸುತ್ತದೆ. ಹಿರಿಯಳಾದವಳು ಕಿರಿಯಳೊಡನೆ ಸಡಗರದಿಂದಲೇ ಹಾಡಿದ್ದಾರೆ. ಆ ಬಳಿಕ ಅವರಿಗೆ ಹಾಡುಗಳು ಕಡಿಮೆಯಾದವು. ಅವರು ಮುಖ ತಿರುಗಿಸಿ ಕೂರಲಿಲ್ಲ. ಮತ್ತೆ ನಟನೆಗೆ ಮರಳಿ ತಾಯಿ, ಅತ್ತೆ ಮುಂತಾದ ಪೋಷಕ ಪಾತ್ರಗಳನ್ನು ವಹಿಸಿದರು. ನಾಯಕಿಯರ ಕಂಠವಾಗಿದ್ದವರು ನಾಯಕಿಯರ ಹಿಂದೆ ನಿಲ್ಲುವ ಪಾತ್ರವನ್ನು ಒಪ್ಪಿಕೊಂಡು ಹದಿನೈದು ವರ್ಷ ಬದುಕಿದರು. ಥಳುಕಿನ ಲೋಕದಲ್ಲಿ ಏರುವ ಕಲೆಯನ್ನು ಕಲಿಸುವವರು ಬಹಳ ಮಂದಿ ಇದ್ದಾರೆ. ಘನತೆಯಿಂದ ಇಳಿಯುವುದನ್ನು ಅಮೀರ್‌ಬಾಯಿಯವರಿಂದ ಕಲಿಯಬಹುದು.

ಎಲ್ಲರಿಗೂ ಅದು ಸಾಧ್ಯವಾಗುವುದಿಲ್ಲ. ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗುರುದತ್ತರು ಅದೇ ಮುಂಬಯಿಯಲ್ಲಿ ಚಿತ್ರರಂಗದ ಹೊಳಪನ್ನೂ ಅದರ ಒಳಗಿನ ಬರಡನ್ನೂ ಕುರಿತು 1959ರಲ್ಲಿ ಕಾಗಜ್ ಕೇ ಫೂಲ್ ಎಂಬ ಚಿತ್ರವನ್ನು ನಿರ್ಮಿಸಿದರು. ಆಗ ಅದು ಸೋತಿತು. 1964ರ ಅಕ್ಟೋಬರ್ 10ರಂದು, ನಲವತ್ತು ತುಂಬುವ ಮೊದಲೇ, ಅವರು ತಮ್ಮ ಮನೆಯಲ್ಲಿ ಒಂಟಿಯಾಗಿ ಸಾವನ್ನಪ್ಪಿದರು. ಅದೇ ವರ್ಷ ಗೋಹರ್‌ಬಾಯಿಯವರೂ ತೀರಿಕೊಂಡರು. ಮರುವರ್ಷ ಅಮೀರ್‌ಬಾಯಿಯವರ ಸರದಿ. ಪಾರ್ಶ್ವವಾಯು ಬಡಿದ ಕೆಲವೇ ದಿನಗಳಲ್ಲಿ ಅವರ ಉಸಿರು ನಿಂತಿತು.

ಮರಳಿದ ಹೆಸರು

ಅವರನ್ನು ಮಣ್ಣು ಮಾಡಿದ್ದು ಮುಂಬಯಿಯಲ್ಲಲ್ಲ. ವಿಜಾಪುರದ ನೆಲಕ್ಕೆ ಅವರು ಮರಳಿದರು. ಬದುಕಿದ್ದಾಗಲೂ ಅವರು ಆ ನೆಲದ ನಂಟನ್ನು ಕಡಿದುಕೊಂಡಿರಲಿಲ್ಲ. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರ ಎದ್ದು ನಿಂತಿತ್ತು. ಮಹಾನಗರದಿಂದ ತಂದ ಗಳಿಕೆಯನ್ನು ತವರಿನ ಜನರೆದುರಿನ ಪರದೆಯಾಗಿ ಮಾಡಿದ್ದು ಅವರ ಊರಿನಭಿಮಾನಕ್ಕೆ ಸಾಕ್ಷಿ. ರಹಮತ್ ತರೀಕೆರೆಯವರು ಊರೂರು ಸುತ್ತಿ ವಿಷಯ ಸಂಗ್ರಹಿಸಿ ಕನ್ನಡದಲ್ಲಿ ಅವರ ಜೀವನಚರಿತ್ರೆಯನ್ನು ಬರೆದಿದ್ದಾರೆ. ಅದು ನಮ್ಮ ಪ್ರತಿಯೊಂದು ಗಡಿನಾಡ ಶಾಲೆಯ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕ.

1956ರಲ್ಲಿ ಭಾಷಾವಾರು ಪ್ರಾಂತಗಳ ರಚನೆಯಾದಾಗ ವಿಜಾಪುರ ಕನ್ನಡ ರಾಜ್ಯಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು. ಅದೇ ರೈಲು ದಾರಿಯ ಎರಡು ತುದಿಗಳಲ್ಲಿದ್ದ ಒಂದೇ ಭಾಷೆಯ ಜನ ಅಂದಿನಿಂದ ಎರಡು ರಾಜ್ಯಗಳವರಾದರು. ಆದರೂ ಮುಂಬಯಿಯಲ್ಲಿದ್ದ ಅಮೀರ್‌ಬಾಯಿಯವರ ಹೆಸರಿನಲ್ಲಿ ಏನೂ ಬದಲಾಗಲಿಲ್ಲ. ಅವರು ಮೊದಲೂ ಕರ್ನಾಟಕಿ, ಅನಂತರವೂ ಕರ್ನಾಟಕಿ. ಯಾವ ಸರಕಾರದ ಆದೇಶವೂ ಅವರಿಗೆ ಆ ಹೆಸರನ್ನು ಕೊಟ್ಟಿರಲಿಲ್ಲವಾದುದರಿಂದ ಯಾವ ಗಡಿರೇಖೆಯೂ ಅದನ್ನು ಕಸಿಯುವಂತಿರಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮಗು ದೊಡ್ಡ ನಗರದಲ್ಲಿ ನಿಲ್ಲಲಾರದು ಎಂಬ ಅಂಜಿಕೆಯಿಂದ ಪ್ರತಿ ಜೂನ್ ತಿಂಗಳಿನಲ್ಲಿ ನಮ್ಮ ಶಾಲೆಗಳಿಂದ ವರ್ಗಾವಣೆ ಪತ್ರ ಕೇಳಲು ಪಾಲಕರು ಬರುತ್ತಾರೆ. ಅವರ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ನೌಕರಿ, ಪರೀಕ್ಷೆ, ಮೇಲಿನ ಓದು ಎಲ್ಲದರಲ್ಲಿಯೂ ನಿಜವಾದ ತೊಡಕುಗಳಿವೆ. ಅವುಗಳಿಗಾಗಿ ನಾವು ಅರ್ಜಿ ಬರೆಯುತ್ತಲೇ ಇದ್ದೇವೆ, ಕಚೇರಿಗಳ ಮೆಟ್ಟಿಲು ಹತ್ತುತ್ತಲೇ ಇದ್ದೇವೆ. ಆದರೆ ತಾಯ್ನುಡಿಯೇ ತೊಡಕೆಂಬ ಮಾತನ್ನು ಮಾತ್ರ ಅಮೀರ್‌ಬಾಯಿಯವರ ಬದುಕು ಒಪ್ಪುವುದಿಲ್ಲ. ಕನ್ನಡದ ರಂಗದ ಮೇಲೆ ದನಿ ಪಳಗಿಸಿಕೊಂಡ ಹುಡುಗಿಗೆ ಉರ್ದುವಿನ ನಯವೂ ಗುಜರಾತಿಯ ಭಕ್ತಿಯೂ ಮರಾಠಿಯ ಲಾಲಿತ್ಯವೂ ಒಲಿದವು. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವರಿಗೆ ಎರಡನೆಯದು ಬಾಗಿಲು ತೆರೆಯುತ್ತದೆ. ಯಾವುದನ್ನೂ ಚೆನ್ನಾಗಿ ಅರಿಯದ ಮಗುವಿಗೆ ನಗರವೂ ಕೈಕೊಡುತ್ತದೆ, ಊರೂ ಕೈಬಿಡುತ್ತದೆ.

ಹಾಡುವ ಮಗು ಮನೆಯಲ್ಲಿದ್ದರೆ ಹಾಡಲಿ. ಮುಂಬಯಿಗೋ ಹೈದರಾಬಾದಿಗೋ ಕೊಚ್ಚಿಗೋ ಬೆಂಗಳೂರಿಗೋ ಹೋಗುವ ಕನಸಿದ್ದರೆ ಹೋಗಲಿ. ಹೋಗುವ ಮೊದಲು ಒಂಬತ್ತು ವರ್ಷ ಕಾಯುವ ತಾಳ್ಮೆ, ದುಡಿಮೆಯ ಕಾಗದಪತ್ರಗಳನ್ನು ಓದುವ ಅಕ್ಷರ, ಹೊಡೆಯುವ ಕೈಯನ್ನು ತಡೆದು ಹೊರಗೆ ಬರುವ ಧೈರ್ಯ, ಬೆಳಕು ಬೇರೆಯವರ ಮೇಲೆ ಬಿದ್ದಾಗಲೂ ಕೆಲಸ ಮಾಡುವ ಸಮಾಧಾನ, ಇಷ್ಟನ್ನು ಬುತ್ತಿಯಾಗಿ ಕಟ್ಟಿಕೊಡೋಣ. ಈ ನವೆಂಬರ್ ತಿಂಗಳ ನಾಡಹಬ್ಬದಲ್ಲಿ ಮಕ್ಕಳಿಗೆ ಭುವನೇಶ್ವರಿಯ ಚಿತ್ರದ ಪಕ್ಕದಲ್ಲಿ ಅಮೀರ್‌ಬಾಯಿಯವರ ಒಂದು ಹಳೆಯ ಹಾಡನ್ನೂ ಕೇಳಿಸಿರಿ. ಸವೆದ ತಟ್ಟೆಯ ಸದ್ದಿನ ನಡುವೆ ಬರುವ ಆ ದನಿ ಬೀಳಗಿಯದು ಎಂದು ತಿಳಿಸಿರಿ. ಆಮೇಲೆ ಹಾಜರಿ ಪುಸ್ತಕದಲ್ಲಿ ಮಕ್ಕಳು ತಮ್ಮ ಊರಿನ ಹೆಸರನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬಹುದು.